ಮಾರಾಟದ ಮನೆಯ ಉಪ್ಪಿಟ್ಟು

ಶ್ರೀಪಾದನಿಗೆ ನೆರೆಹೊರೆ ಇರಲಿಲ್ಲ. ಎಡಗಡೆ ಮನೆಯ ಸಾರ್ಜೆಂಟ್‌ಗೆ ವರ್ಗವಾಗಿತ್ತು. ಬಲಗಡೆಯ ಮನೆಯ ಕಿಟಕಿಗಳಿಗೆ ಸೈನ್ಯದವರು ಹಲಗೆ ಹೊಡೆಸಿ ಹೋಗಿದ್ದರು. ಆಕ್ಲೆಂಡಿನಿಂದ ನಾಲ್ಕೈದು ಗಂಟೆ ದಾರಿಯ ವೈಯೂರು ಇರುವುದೇ ಸೈನ್ಯದ ಕ್ಯಾಂಪಿಗಾಗಿ. ಜನ ಆರ್ಡರ್ ಮೇಲೆ ಬರುತ್ತಾರೆ, ಆರ್ಡರ್ ಮೇಲೆ ಹೋಗುತ್ತಾರೆ. ಇಂಥ ಊರಲ್ಲಿ ಸ್ವಂತಕ್ಕೆ ಮನೆ ಕೊಂಡವನು ಕ್ಯಾಂಪಿನ ಬಾಯ್ಲರ್ ನೋಡಿಕೊಳ್ಳುವ ಈ ಧಾರವಾಡದ ಎಂಜಿನಿಯರ್. ಐವತ್ತರ ದಶಕದಲ್ಲಿ ಸೈನ್ಯ ಕಟ್ಟಿಸಿ, ಸಾಕಾದ ಮೇಲೆ ಮಾರಿದ್ದ ಮರದ ಮನೆ ಅದು.

೨೦೧೪ರ ಜುಲೈಯ ಚಳಿಗಾಲದಲ್ಲಿ ಹೆಂಡತಿ ವೇದಾ ಆಕ್ಲೆಂಡಿನಲ್ಲಿ ಆಸ್ಪತ್ರೆಯ ಕೆಲಸ ಹಿಡಿದು, ಮಗಳು ಕೃಪಾಳನ್ನು ಕರೆದುಕೊಂಡು ಅಲ್ಲಿನ ಫ್ಲ್ಯಾಟ್ ಬುಷ್ ಬಡಾವಣೆಯ ಬಾಡಿಗೆ ಮನೆಗೆ ಹೋದಳು.

"ತೋಪಿನ ಸಪ್ಪಳಾ ಕೇಳಿ ಕೇಳಿ ಸಾಕಾಗೇದ್ರೀ. ಫೆಬ್ರವರಿಗೆ ಕೃಪಾನ ಹೊಸಾ ವರ್ಷದ ಸಾಲಿ ಸುರು ಆಗತದ. ಅಷ್ಟರಾಗ ಮನಿ ಮಾರಿ ಬಂದುಬಿಡ್ರಿ," ಎಂದಿದ್ದಳು.

ಅಕ್ಟೋಬರಿನಲ್ಲಿ ಏಜೆಂಟ್ ಟ್ರೇಸಿ ಗೇಟಿನ ಬಳಿ ಬೋರ್ಡು ನೆಟ್ಟಳು. ಭಾನುವಾರ ಅರ್ಧ ಗಂಟೆ ಯಾರು ಬೇಕಾದರೂ ಬಂದು ಮನೆ ನೋಡಬಹುದು, ಆಗ ಯಜಮಾನ ಮಾತ್ರ ಇರಬಾರದು ಎಂದಳು. ಅವನೆದುರು ಜನ ಕಪಾಟು ತೆಗೆಯುವುದಿಲ್ಲ, ಬಾಯಿಬಿಟ್ಟು ಮಾತಾಡುವುದಿಲ್ಲ. ಶ್ರೀಪಾದನಿಗೆ ಇದು ಹಿಡಿಸಲಿಲ್ಲ. ಮನೆಗೆ ಜನ ಬಂದಾಗ ತಾನು ಹೋಗಿ ಕಾರಿನಲ್ಲಿ ಕೂರುವುದೇ? ಅವನು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿ, ಚಹಾ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ.

ಹನ್ನೊಂದು ಜನ ಬಂದರು. ಅರ್ಧ ಗಂಟೆಗೆ ಮುಗಿಯಬೇಕಾದದ್ದು ಎರಡು ಗಂಟೆ ನಡೆಯಿತು. ಸಂಜೆ ಅವನು ಉತ್ಸಾಹದಿಂದ ವೇದಾಳಿಗೆ ಫೋನು ಮಾಡಿದ.

"ಹನ್ನೊಂದು ಮಂದಿ ಬಂದಿದ್ರು!"

"ಯಾರರೆ ರೇಟ್ ಕೇಳಿದ್ರೇನು?"

"ಉಪ್ಪಿಟ್ಟು ಎರಡೆರಡು ಸರ್ತೆ ಕೇಳಿದ್ರು."

"ಮನಿ ಮಾರ್ಲಿಕ್ಕೆ ಕೂತೀರೋ, ಖಾನಾವಳಿ ತಗದೀರೋ?"

ವೇದಾ ಹೇಳಿದ್ದು ಸರಿಯಾಗಿತ್ತು. ಬಂದವರೆಲ್ಲ ಸೈನಿಕರು, ಅವರ ಹೆಂಡಂದಿರು, ಮಕ್ಕಳು. ಇರಲು ಸೈನ್ಯದ ಕ್ವಾರ್ಟರ್ಸ್ ಇತ್ತು, ಮುಂದಿನ ವರ್ಗ ಎಲ್ಲಿಗೋ ಗೊತ್ತಿರಲಿಲ್ಲ. ಭಾನುವಾರ ಹೊತ್ತು ಹೋಗದೆ ಬಂದಿದ್ದರು. ಶ್ರೀಪಾದನಿಗೂ ಅದು ಗೊತ್ತಿತ್ತು. ಆದರೂ ಮುಂದಿನ ವಾರ ಅವನು ರವೆಯ ದೊಡ್ಡ ಚೀಲವನ್ನೇ ತಂದ.

ನವೆಂಬರಿನಲ್ಲಿ ನಿಜವಾಗಿ ಕೊಳ್ಳುವವರು ಬಂದರು. ರೈಲ್ವೆಯಿಂದ ನಿವೃತ್ತನಾದ ಮುದುಕ, ಅವನ ಹೆಂಡತಿ. ಅವಳು ಅಡುಗೆಮನೆಯ ಕಿಟಕಿಯಿಂದ ಹಿಮದ ಬೆಟ್ಟ ನೋಡಿ, ಟೇಬಲ್ ಎಲ್ಲಿಡಬೇಕೆಂದು ಗಂಡನಿಗೆ ಕೈಮಾಡಿ ತೋರಿಸುತ್ತಿದ್ದಳು. ಶ್ರೀಪಾದ ತಟ್ಟೆ ಕೊಟ್ಟು ಪಕ್ಕದಲ್ಲೇ ನಿಂತ. ಇಲ್ಲಿ ಸೋರುತ್ತದೆ ಎಂದ. ಜುಲೈಯಲ್ಲಿ ನಲ್ಲಿಯ ನೀರು ಹೆಪ್ಪುಗಟ್ಟುತ್ತದೆ ಎಂದ. ತೋಪಿನ ಅಭ್ಯಾಸದ ದಿನ ಕಪಾಟಿನ ಲೋಟಗಳು ಕುಣಿಯುತ್ತವೆ ಎಂದ. ತನ್ನ ಮನೆಯಲ್ಲಿ ತಿಂದವರಿಗೆ ಹೇಗೆ ಮೋಸ ಮಾಡುವುದು? ಮುದುಕಿ ತಟ್ಟೆ ಕೆಳಗಿಟ್ಟಳು. ಇಬ್ಬರೂ ಥ್ಯಾಂಕ್ಸ್ ಹೇಳಿ ಹೋದರು.

"ಈ ಮನೆ ಮಾರುವ ಇಷ್ಟ ಇದೆಯೋ ಇಲ್ಲವೋ ನಿನಗೆ?" ಎಂದು ಟ್ರೇಸಿ ಕೇಳಿದಳು. ವೇದಾ ಫೋನಿನಲ್ಲಿ ಅದನ್ನೇ ಧಾರವಾಡದ ಮಾತಲ್ಲಿ ಕೇಳಿದಳು. ಅವನು ಇಬ್ಬರಿಗೂ "ಇದೆ" ಎಂದ.

ಫೆಬ್ರವರಿ ಬಂತು, ಹೋಯಿತು. ಮಾರ್ಚಿನಲ್ಲಿ ಒಬ್ಬ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಬಂದ. ಉಪ್ಪಿಟ್ಟು ಬೇಡವೆಂದ. ಟಾರ್ಚ್ ಹಿಡಿದು ಮನೆಯ ಕೆಳಗೆ ತೆವಳಿ, ಮಂಡಿಯ ಮಣ್ಣು ಕೊಡವುತ್ತ ಎದ್ದು ಬಂದ.

"ಮನೆ ಹೊತ್ತ ಗೂಟಗಳು ಕೊಳೆತು ಲಡ್ಡು ಹಿಡಿದಿವೆ. ಮೇಲಿನ ಮರ ಗಟ್ಟಿ. ನಿನ್ನ ಜಾಗ ಬೇಡ, ಮನೆ ಕೊಡು."

ಹಳೆಯ ಮರದ ಮನೆಗಳನ್ನು ಕೊಯ್ದು ಲಾರಿಯ ಮೇಲೆ ಸಾಗಿಸುವುದು ಅವನ ಕಸುಬು. ಟೌರಂಗಾದ ಹತ್ತಿರ ಯಾರಿಗೋ ಸಮುದ್ರದ ದಂಡೆಯಲ್ಲಿ ರಜೆಗೊಂದು ಮನೆ ಬೇಕಿತ್ತು. ಶ್ರೀಪಾದ ಸಹಿ ಹಾಕಿದ.

ಅಡುಗೆಮನೆಯ ನಡುವೆಯೇ ಗರಗಸ ಆಡಿತು. ಮನೆ ಎರಡು ಹೋಳಾಗಿ ಎರಡು ಲಾರಿ ಹತ್ತಿತು. ಬೇಲಿಯಾಚೆ ಭಾನುವಾರದ ಜನವೆಲ್ಲ ನಿಂತು ನೋಡಿದರು. "ಮನೆಗೂ ಪೋಸ್ಟಿಂಗ್ ಬಂತಲ್ಲ!" ಎಂದು ಒಬ್ಬ ಸೈನಿಕ ಕೂಗಿದ, ಉಳಿದವರು ನಕ್ಕರು. ಲಾರಿಗಳು ತಿರುವು ದಾಟಿದ ಮೇಲೆ ಅವರೂ ಹೊರಟರು. ಶ್ರೀಪಾದ ಮೋಟು ಗೂಟಗಳ ನಡುವೆ ನಿಂತು ಫೋನು ಮಾಡಿದ.

"ಮನಿ ಹೋತು."

"ಹೌದಾ! ಯಾರು ಬಂದ್ರು ಇರ್ಲಿಕ್ಕೆ?"

"ಯಾರೂ ಬರಲಿಲ್ಲ. ಮನೀನ ಹೋತು. ನಾ ನಾಳೆ ಬರ್ತೀನಿ."

"ಫೆಬ್ರವರಿ ತನಕಾ ಹಾದಿ ನೋಡಿದೆ. ಒಬ್ಬಾಕಿ ನರ್ಸ್ ಕೇಳಿದ್ಲು. ಹಿಂದಿನ ಖೋಲಿ ಆಕಿಗೆ ಕೊಟ್ಟೀನಿ. ಇನ್ನೊಂದರಾಗ ನಾನೂ ಕೃಪಾನೂ."

"ಹಂಗಾರ ನಾ?"

"ಬರಬ್ಯಾಡ್ರಿ ಅಂದೆನೇನು? ಹಾಲ್‌ನ್ಯಾಗ ಸೋಫಾ ಅದ."

ಹಿಂದಿನಿಂದ ಕೃಪಾಳ ದನಿ ಕೇಳಿಸಿತು: "ಡ್ಯಾಡ್, ಹೌ ಲಾಂಗ್ ಆರ್ ಯು ಸ್ಟೇಯಿಂಗ್?"

ಅವನು ಆಮೇಲೆ ಹೇಳುತ್ತೇನೆಂದು ಫೋನು ಇಟ್ಟ.

ಹೋದದ್ದು ಇಷ್ಟು: ಒಂದು ಮನೆ, ಫ್ಲ್ಯಾಟ್ ಬುಷ್‌ನ ಒಂದು ಖೋಲಿ, ಅವನು ಹೆಸರು ಕೇಳದೆ ಉಪ್ಪಿಟ್ಟು ಬಡಿಸಿದ ಮೂವತ್ತು ಜನ.