ಒದ್ದೆ ಗಂಟು

ಎಡಗಡೆ ಹಗುರ, ಓಢಣಿಯ ಎಡತುದಿ ಇವತ್ತೂ ಹಗುರ, ತಿರುಗಿ ನೋಡುವುದು ಬೇಕಿಲ್ಲ, ಬೆನ್ನಿಗೇ ಗೊತ್ತಾಗುತ್ತದೆ — ತಬಸ್ಸುಮ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಮಕ್ಕಳನ್ನು ಕರೆದುಕೊಂಡು ಸಾಲಿಗೆ ಹೊರಟಿದ್ದಾಳೆ, ಯರಗಟ್ಟಿಯ ಆ ಸಣ್ಣ ಖಾಸಗಿ ಸಾಲಿಯ ಆಯಾ ಅವಳು, ಎರಡು ಹಳೆಯ ಓಢಣಿ ಕೂಡಿಸಿ ಹೊಲಿದು ಎರಡೂ ತುದಿಗೆ ಸಾಲಾಗಿ ಗಂಟು ಹಾಕಿಕೊಂಡಿದ್ದಾಳೆ, ಒಂದೊಂದು ಕೂಸಿಗೆ ಒಂದೊಂದು ಗಂಟು, ಹಿಡಿದುಕೊಂಡು ಹಿಂದೆ ಹಿಂದೆ ಬರಬೇಕು, ಬಲಗಡೆ ಮೊದಲನೆಯದು ಅಯಾಜನದು, ಅವನು ಎತ್ತಿನ ಹಗ್ಗದಂತೆ ಜಗ್ಗಿ ಹೇ ಹೇ ಎನ್ನುತ್ತಾನೆ, ಎಡಗಡೆ ಕಟ್ಟಕಡೆಯದು ಮಧುವಿನದು, ಪಲ್ಲೆ ಮಾರುವ ಬೀರವ್ವನ ಮಗಳು, ಆ ಗಂಟು ಯಾವಾಗಲೂ ಒದ್ದೆ, ನಾಯಿ ಕಂಡರೆ ಹೆದರಿ ಬಾಯಲ್ಲಿಟ್ಟುಕೊಳ್ಳುತ್ತಾಳೆ, ಲಾರಿ ಹಾರ್ನ್ ಹೊಡೆದರೂ ಬಾಯಲ್ಲಿ, ಸಾಲಿಯ ಗೇಟು ಬರುವ ತನಕ ಚೀಪುತ್ತಲೇ ಇರುತ್ತಾಳೆ, ಇಳಿಹೊತ್ತಿನಲ್ಲಿ ತಬಸ್ಸುಮ್ ಓಢಣಿ ಒಗೆಯುವಾಗ ಅದೊಂದು ಗಂಟಿಗೆ ಬೆಲ್ಲದ ವಾಸನೆ, ರೊಟ್ಟಿಯ ವಾಸನೆ. ಈಗ ವಾರದಿಂದ ಅದು ಒಣಗಿದೆ. ಒಣಗಿ ಕಡಲೆಯಂತೆ ಗಟ್ಟಿಯಾಗಿ, ಹೆಜ್ಜೆ ಇಟ್ಟಾಗಲೊಮ್ಮೆ ಹಿಮ್ಮಡಿಗೆ ಬಡಿಯುತ್ತದೆ, ಟಕ್, ಟಕ್, ಯಾರೋ ಬಾಗಿಲು ತಟ್ಟಿದ ಹಾಗೆ — ಸರೀರಿ ಸರೀರಿ, ಟ್ರ್ಯಾಕ್ಟರ್ ಬಂತು, ಎಲ್ಲರೂ ಗ್ವಾಡಿಗೆ ನಿಂದರ್ರಿ, ಅಕ್ಕಾ ಮಧು ಯಾಕ ಬರವಲ್ಲಳು, ಅಯಾಜನೇ ಕೇಳಿದ್ದು, ಬರ್ತಾಳಪಾ, ಯಾವಾಗ, ಬರ್ತಾಳ, ನಡಿ.

ಎಲ್ಲ ಸುರುವಾದದ್ದು ಆ ಮೀಟಿಂಗಿನಿಂದ, ಆಚೆ ರಸ್ತೆಗೆ ಇಂಗ್ಲಿಷ್ ಸಾಲಿ ಬಂತು, ಹಳದಿ ವ್ಯಾನು ಬಂತು, ಇಲ್ಲಿ ಮಕ್ಕಳು ಕಡಿಮೆಯಾದವು, ಆಡಳಿತ ಮಂಡಳಿಯ ಸಂಗಪ್ಪನವರು ಎಲ್ಲರನ್ನೂ ಕೂಡಿಸಿ ಹೇಳಿದರು, ಇಷ್ಟ ದಿನ ಕುಂತ್ರೂ ಪಗಾರ ನಿಂತ್ರೂ ಪಗಾರ, ಇನ್ನ ಹಂಗಿಲ್ರಿ, ಮಾಸ್ತರಗೋಳಿಗೆ ಪಾಸಾದವರ ಲೆಕ್ಕ, ಆಯಾಗ ತಲಿ ಲೆಕ್ಕ, ಎಷ್ಟು ಕೂಸು ತರ್ತಾಳೋ ಅಷ್ಟು ರೊಕ್ಕ, ಹೆಚ್ಚು ತಂದ್ರ ಆಗಸ್ಟ್ ಹದಿನೈದಕ್ಕ ಸ್ಟೀಲ್ ಕೊಡ ಬಹುಮಾನ. ರಾಮಲಿಂಗಪ್ಪ ಮಾಸ್ತರರು ಹೊರಗೆ ಬಂದು ಕನ್ನಡಕ ಒರೆಸಿಕೊಂಡು ನಕ್ಕರು, ನಮ್ಮನ್ನೂ ತಕ್ಕಡಿಗೆ ಹಾಕಿದ್ರಲ್ಲವಾ, ಮೆಣಸಿನಕಾಯಿ ತೂಗಿದಂಗ, ಅಂದರು, ಆದರೆ ತಬಸ್ಸುಮಳಿಗೆ ಅವತ್ತು ನಗುವೂ ಬರಲಿಲ್ಲ ದುಃಖವೂ ಆಗಲಿಲ್ಲ, ಕೊಡದ ಹೊಳಪೇ ಕಣ್ಣಲ್ಲಿ, ಅಮ್ಮಿ ಮಕ್ತುಮಬಿ ಸೋರುವ ಕೊಡಕ್ಕೆ ಮೇಣ ಮೆತ್ತಿ ಮೆತ್ತಿ ನೀರು ತರುತ್ತಾಳೆ, ಇನ್ನೂ ನಾಕು ಗಂಟು ಹಾಕ್ಕೋ ಬೇಟಿ, ಅಂದಿದ್ದಳು ಅಮ್ಮಿ. ಹಾಕಿಕೊಂಡಳು. ಓಣಿಯಲ್ಲಿ ಮಾತಿಗೇನು ಕಾಲು ಬೇಕೇ, ಮರುದಿನವೇ ಬೀರವ್ವನಿಗೆ ಮುಟ್ಟಿತ್ತು, ಮೆಂತೇಪಲ್ಲೆ ಸಿವುಡು ಕಟ್ಟುತ್ತ ಕಟ್ಟೆಯ ಮೇಲಿಂದಲೇ ಕೂಗಿದಳು, ಏನವಾ, ಗಂಟ ಭಾಳ ಆದುವಲ್ಲ, ನಮ್ಮ ಮಕ್ಕಳ ತಲಿ ಮ್ಯಾಲೆ ಗಂಟ ಮಾಡ್ಕೊಳ್ಳಾಕತ್ತೀಯಂತ, ನಾ ಒಂದ ಸಿವುಡು ಪಲ್ಲೆ ಮಾರಿದ್ರೂ ರೇಟ್ ಹೇಳಿ ಮಾರ್ತೇನಿ, ನನ್ನ ಮಗಳ ರೇಟ್ ಎಷ್ಟಂತ ನನಗರ ಹೇಳು. ಪಲ್ಲೆ ಕೊಳ್ಳಲು ಬಂದವರೆಲ್ಲ ನಕ್ಕರು, ತಬಸ್ಸುಮಳೂ ನಗಲು ನೋಡಿದಳು, ತುಟಿ ಅರಳಲಿಲ್ಲ. ಅದಾದರೂ ಹೋಗಲಿ ಎನ್ನಬಹುದಿತ್ತು, ಮಧುವಿಗೆ ಜ್ವರ ಬಂದ ದಿನ ಹೋಗಿದ್ದಳು ನೋಡಿ, ಹುಡುಗಿ ಕೌದಿಯೊಳಗೆ ಗುಬ್ಬಿಯಂತೆ, ಕಣ್ಣಷ್ಟೇ ಹೊರಗೆ, ಹಣೆ ಮುಟ್ಟಿ ನೋಡೋಣವೆಂದು ಬಾಗಿದರೆ ಬೀರವ್ವ ನಡುವೆ ಕೈ ತಂದಳು, ತಲಿ ಮುಟ್ಟಬ್ಯಾಡ, ಎಣಸಾಕ ಬಂದೀಯೇನು, ಖರೆ ಹೇಳು, ಕೂಸಿಗೆ ಬಂದೀಯೋ ತಲಿಗೆ ಬಂದೀಯೋ — ಏನು ಹೇಳಬೇಕಿತ್ತು, ಕೂಸಿಗೆ ಎಂದರೆ ಸಾಕಿತ್ತು, ಆದರೆ ಬರುವಾಗ ದಾರಿಯಲ್ಲಿ ಕೊಡವೂ ನೆನಪಾಗಿತ್ತಲ್ಲ, ಜ್ವರವೂ ಕೊಡವೂ ಎರಡೂ ಕೂಡಿಯೇ ನೆನಪಾಗಿದ್ದವು, ಯಾವುದು ಮೊದಲು ಎಂದು ಅವಳಿಗೇ ತಿಳಿಯದು, ಸುಮ್ಮನೆ ನಿಂತಳು, ಸುಮ್ಮನೆ ನಿಂತದ್ದೇ ಉತ್ತರವಾಯಿತು, ಜ್ವರ ಬಿಟ್ಟ ಮೇಲೂ ಬೀರವ್ವ ಮಗಳನ್ನು ಕಳಿಸಲಿಲ್ಲ.

ಕಳಿಸದಿದ್ದರೆ ಹುಡುಗಿ ಹಾಗೇ ಉಳಿದುಬಿಡುತ್ತಾಳೆ, ಉಳಿಯುವುದು ಹೇಗೆಂದು ತಬಸ್ಸುಮಳಿಗಿಂತ ಯಾರಿಗೆ ಗೊತ್ತು, ಐದನೆಯ ಇಯತ್ತೆಯಲ್ಲಿದ್ದಾಗ ತಮ್ಮ ಹುಟ್ಟಿದ, ಅಮ್ಮಿ ಬಾಣಂತಿ, ನಾಕು ದಿನ ಸಾಲಿ ಬಿಡು ಬೇಟಿ ಅಂದಳು, ಆ ನಾಕು ದಿನ ಇನ್ನೂ ಮುಗಿದಿಲ್ಲ, ತಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು ಬಾಗಿಲಿನ ಗೋಣಿತಟ್ಟಿನ ಹಿಂದೆ ಕೂತು ಅವಳು ಕಾಯುತ್ತಿದ್ದಳು, ಯಾರಾದರೂ ಬರುತ್ತಾರೆ, ತಬಸ್ಸುಮ್ ಯಾಕ ಬಂದಿಲ್ರಿ ಅಂತ ಕೇಳುತ್ತಾರೆ, ಟೀಚರ ಸೈಕಲ್ಲು ಆ ಬಾಗಿಲ ಮುಂದೆಯೇ ಟ್ರಿಣ್ ಎಂದು ದಿನಾ ಹೋಗುತ್ತಿತ್ತು, ಒಂದು ದಿನವೂ ನಿಲ್ಲಲಿಲ್ಲ. ಆವಾಗ ಯಾರಿಗೂ ತಲೆ ಲೆಕ್ಕದ ಪಗಾರ ಇರಲಿಲ್ಲ. ಇದ್ದಿದ್ದರೆ, ರೊಕ್ಕಕ್ಕಾದರೂ ಸರಿ, ಯಾರಾದರೂ ಆ ತಟ್ಟು ಸರಿಸುತ್ತಿದ್ದರೋ ಏನೋ, ರೊಕ್ಕಕ್ಕೆ ಬಂದ ಕೈಯೂ ಕೈಯೇ ಅಲ್ಲವೇ — ಇದನ್ನು ಬೀರವ್ವನಿಗೆ ಹೇಳಬೇಕು, ಹೇಳಲು ಬಾಯಿ ಬೇಕು, ಬಾಯಿ ಇಲ್ಲ, ಟಕ್, ಟಕ್, ಗೇಟು ಬಂದೇಬಿಟ್ಟಿತು, ರಾಮಲಿಂಗಪ್ಪ ಮಾಸ್ತರರು ಪಾಟಿ ಹಿಡಿದು ತಲೆ ಎಣಿಸುತ್ತಾರೆ, ಎಣಿಸುವಾಗ ಅವಳ ಮುಖ ನೋಡುವುದಿಲ್ಲ, ಮರ್ಯಾದೆಯ ಮನುಷ್ಯ, ಇವತ್ತೂ ಒಂದು ಕಡಿಮಿ ತಬಸ್ಸುಮ್, ಹೋಗಿ ತಂದುಬಿಡು, ತಡಾ ಆದ್ರೂ ನಾ ಬರಕೋತೇನಿ. ಬರೀಬ್ಯಾಡ್ರಿ ಸರ್. ಯಾರು ಅಂದದ್ದು, ತಾನೇ. ಏನಂದಿ ಅಂತ ಮಾಸ್ತರರು ತಲೆ ಎತ್ತಿದರು. ಮಧು ಹಾಜರಿಯೊಳಗ ಇರ್ಲಿ ಸರ್, ನನ್ನ ಲೆಕ್ಕದಾಗ ಬ್ಯಾಡ. ಇವತ್ತೊಂದ ದಿನ ಏನು. ದಿನಾನೂ ಸರ್. ಮಾಸ್ತರರು ಪಾಟಿಯನ್ನು ಬಗಲಲ್ಲಿ ಇಟ್ಟುಕೊಂಡು, ಹೋಗಿ ಬಾರವಾ, ಅಂದರು, ಅಷ್ಟೇ.

ಗಂಟೆ ಹೊಡೆದ ಮೇಲಿನ ಓಣಿ ಎಷ್ಟು ಖಾಲಿ, ಎರಡೂ ಕಡೆ ಹಗುರ, ಎಲ್ಲ ಗಂಟುಗಳೂ ಗಾಳಿಗೆ, ಬೀರವ್ವ ಕಟ್ಟೆಯ ಮೇಲೆಯೇ ಇದ್ದಳು, ಪಲ್ಲೆಗೆ ನೀರು ಚಿಮುಕಿಸುತ್ತಿದ್ದಳು, ಗಂಟಿ ಆತಲ್ಲ, ಈಗ್ಯಾಕ ಬಂದಿ. ಎಣಸೂದು ಮುಗದೈತ್ರಿ, ಅಂದಳು ತಬಸ್ಸುಮ್, ಅಂದು ನೆಲ ನೋಡಿದಳು, ಮಧುನ್ನ ನನ್ನ ಲೆಕ್ಕಕ್ಕ ಹಿಡಿಬ್ಯಾಡ್ರಿ ಅಂತ ಹೇಳಿ ಬಂದೇನಿ, ಇನ್ನ ದಿನಾ ಎಣಸಿದ ಮ್ಯಾಲೇ ಬರ್ತೇನಿ. ಬೀರವ್ವನ ಕೈ ನಿಂತಿತು, ಬೆರಳಿನ ತುದಿಯಿಂದ ನೀರು ಇಳಿಯುತ್ತಲೇ ಇತ್ತು, ಹುಚ್ಚಿ ಇದ್ದೀ, ಅಂದಳು, ಸಿಟ್ಟಿನ ದನಿಯಲ್ಲ, ರೊಕ್ಕ ಬಿಟ್ಟು ಹೊಟ್ಟಿಗೇನ ಮಣ್ಣ ತಿಂತೀಯೇನು, ಅಂದಳು, ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ, ಮತ್ತೆ ಸಿವುಡಿಗೆ ಕೈ ಹಾಕಿದಳು. ತಬಸ್ಸುಮ್ ಬಾಗಿಲಿಗೆ ಬೆನ್ನು ಮಾಡಿ ನಿಂತಳು, ದಿನಾ ಹಾಗೆಯೇ, ನೋಡಿದರೆ ಮಕ್ಕಳು ಸಂಕೋಚ ಪಡುತ್ತವೆ, ಬೆನ್ನು ಮಾಡಿದರೆ ಬರುತ್ತವೆ, ಬೆಳಗಾವಿ ರಸ್ತೆಯಲ್ಲಿ ಬಸ್ಸು ಹೋಯಿತು, ನಾಯಿ ಒಂದು ಮೈ ಮುರಿಯಿತು, ಹಿಂದೆ ಏನೂ ಇಲ್ಲ, ಸೈಕಲ್ಲು ನಿಲ್ಲದೆ ಹೋದ ಹಾಗೆ ಏನೂ ಇಲ್ಲ, ಆಮೇಲೆ ಹೊಸ್ತಿಲಲ್ಲಿ ಕಾಲುಗೆಜ್ಜೆ, ಚೂರು, ನಿಂತಿತು, ಮತ್ತೆ ಚೂರು, ಎಡಗಡೆ ಭಾರ, ಕಟ್ಟಕಡೆಗೆ, ತಿರುಗಬಾರದು, ಬೀರವ್ವ ಅತ್ತ ಮುಖ ಮಾಡಿ ಪಲ್ಲೆ ಕಟ್ಟುತ್ತಿದ್ದಾಳೆ, ತಿರುಗಬಾರದು, ಒಂದು ಹೆಜ್ಜೆ, ಟಕ್ ಎನ್ನಲಿಲ್ಲ, ಇನ್ನೊಂದು, ಎನ್ನಲಿಲ್ಲ, ನಾಯಿ ಎದ್ದು ನಿಂತಿತು, ಹಿಂದೆ ಉಸಿರು ಬಿಗಿಯಾಯಿತು, ಓಢಣಿ ಮೆಲ್ಲಗೆ ಮೇಲಕ್ಕೆ ಎದ್ದಿತು, ಬಾಯಿಗೆ ಹೋಯಿತು, ಗಂಟು, ಬೆಲ್ಲದ ಬಾಯಿಯಲ್ಲಿ ಗಂಟು, ಒದ್ದೆ ಗಂಟು.