ಐದು ದಿನದ ನಿದ್ದೆ

ನ್ವೆ ಯಿನ್‌ಗೆ ಕನ್ನಡಿ ನೋಡಿಕೊಳ್ಳಲು ಪುರುಸೊತ್ತಿಲ್ಲದೆ ಹದಿನಾಲ್ಕು ವರ್ಷವಾಗಿತ್ತು. ಸರಿಯಾಗಿ ಹದಿನಾಲ್ಕು, ಏಕೆಂದರೆ ಮಗ ಜೇಯಾನ ವಯಸ್ಸೂ ಅಷ್ಟೇ. ಹುಟ್ಟುವಾಗ ಉಸಿರು ಕಟ್ಟಿದ ಮಗು; ನಡೆಯಲಿಲ್ಲ, ಮಾತಾಡಲಿಲ್ಲ, ಕೈಕಾಲು ಅವನ ಮಾತು ಕೇಳಲಿಲ್ಲ. ಒಂದು ಬಟ್ಟಲು ಗಂಜಿ ಉಣ್ಣಿಸಲು ಒಂದು ಗಂಟೆ ಬೇಕು. ತುತ್ತು ಬಾಯಿಗಿಟ್ಟು, ಎರಡು ಬೆರಳಿನಿಂದ ಗಂಟಲನ್ನು ಮೇಲಿನಿಂದ ಕೆಳಕ್ಕೆ ನೀವಿದರೆ ನುಂಗುತ್ತಾನೆ. ಜೋರಾಗಿ ನೀವಿದರೆ ಕೆಮ್ಮು, ಮೆಲ್ಲಗೆ ನೀವಿದರೆ ಗಂಜಿಯೆಲ್ಲ ಗಲ್ಲದ ಮೇಲೆ. ಆ ಹದ ತನ್ನ ಬೆರಳಿಗೆ ಮಾತ್ರ ಗೊತ್ತೆಂದು ಅವಳು ನಂಬಿದ್ದಳು. ನಮ್ಮ ಪಖೊಕ್ಕು ಊರೂ ಹಾಗೇ ನಂಬಿತ್ತು. ಐರಾವತಿ ನದಿಯಲ್ಲಿ ಸರಕಿನ ದೋಣಿ ನಡೆಸುವ ಗಂಡ ತಿಂಗಳಿಗೊಮ್ಮೆ ಬರುವನು, ಮಗನ ತಲೆ ಸವರುವನು, "ನಿನ್ನಂಥ ತಾಯಿ ಯಾರಿಗೂ ಸಿಗಲ್ಲ ಬಿಡು" ಎಂದು ಹೊಗಳಿ ಮತ್ತೆ ದೋಣಿ ಹತ್ತುವನು. ಹೊಗಳುವವರಿಗೇನು, ಮೈ ನೋಯುತ್ತದೆಯೇ?

ಮಗಳು ಯಮಿನ್‌ಗೆ ಹನ್ನೊಂದು. ಅಲಂಕಾರದ ಹುಚ್ಚಿನ ಹುಡುಗಿ. ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮುಂದೆ ಕೂತು, ನೀರು ಚಿಮುಕಿಸಿ, ತನಖಾ ಎಂಬ ಗಂಧದ ಮರದ ಕೊರಡನ್ನು ತೇಯುವಳು. ತನ್ನ ಕೆನ್ನೆಗಳಿಗೆ ಎಲೆಯ ಹಾಗೆ ಬಳಿದುಕೊಂಡು, ಮಿಕ್ಕ ಗಂಧವನ್ನು ಬೆರಳ ತುದಿಯಲ್ಲಿ ಹಿಡಿದು ಅಮ್ಮನ ಬೆನ್ನು ಹತ್ತುವಳು.

"ಅಮ್ಮ, ಮುಖ ಕೊಡು. ಒಂದೇ ನಿಮಿಷ."

"ಆಮೇಲೆ ಕಣೆ. ಇವ್ನಿಗೆ ಉಣ್ಸಿ ಬರ್ತೀನಿ."

ಉಣ್ಣಿಸಿದ ಮೇಲೆ ಒರೆಸುವುದು, ಒರೆಸಿದ ಮೇಲೆ ಮಗ್ಗುಲು ಹೊರಳಿಸುವುದು, ಅಷ್ಟರಲ್ಲಿ ಮತ್ತೆ ಗಂಜಿಯ ಹೊತ್ತು. ಗಂಧ ಹುಡುಗಿಯ ಬೆರಳಲ್ಲೇ ಒಣಗಿ ಉದುರುತ್ತಿತ್ತು. ಇಡೀ ಓಣಿಯಲ್ಲಿ ಬರಿ ಮುಖದಲ್ಲಿ ಓಡಾಡುವ ಹೆಂಗಸು ನ್ವೆ ಯಿನ್ ಒಬ್ಬಳೇ.

ಈ ಬೇಸಿಗೆಯಲ್ಲಿ ಒಂದು ದಿನ ಬಟ್ಟೆ ಒಗೆಯುತ್ತಿದ್ದವಳು ಒಗೆಯುವ ಕಲ್ಲಿನ ಮೇಲೇ ಕುಸಿದಳು. ನರ್ಸಮ್ಮ ಬಂದು ಕಣ್ಣರೆಪ್ಪೆ ಎಳೆದು ನೋಡಿ, "ಈಕೆಗೆ ಮಾತ್ರೆ ಬೇಡ, ನಿದ್ದೆ ಬೇಕು" ಎಂದಳು. ಎರಡು ಓಣಿಯಾಚೆ ಇರುವ ತಂಗಿ ಓನ್ಮಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೀರಿನ ಹಬ್ಬಕ್ಕೆ ಗುಡ್ಡದ ಮೇಲಿನ ಧ್ಯಾನಕೇಂದ್ರಕ್ಕೆ ಹೋಗಕ್ಕ. ಐದು ದಿನ. ಇವ್ನನ್ನ ನಾನು ನೋಡ್ಕೋತೀನಿ."

"ನಿನ್ ಕೈಲಿ ಅವ್ನು ನುಂಗಲ್ಲ ಕಣೆ."

"ಅಯ್ಯೋ, ನಿನ್ ಕೈಯೇನು ಬಂಗಾರದ್ದಾ? ನೀನಾಗೇ ಹೋಗ್ತೀಯೋ, ಹೊತ್ಕೊಂಡೋಗಿ ಬಿಟ್ಬರ್ಲೋ?"

ಯಮಿನ್ ಕಿಸಕ್ಕನೆ ನಕ್ಕಳು. "ಹೋಗಮ್ಮ. ಕಣ್ ಕೆಳಗೆ ನೋಡ್ಕೋ, ಮಸಿ ಬಳ್ದಂಗಿದೆ." ಅವಳಿಗೂ ಹಬ್ಬದ ಸಂಭ್ರಮ. ಗೆಳತಿಯರ ಜೊತೆ ಲಾರಿ ಹತ್ತಿ ನೀರೆರಚಲು ಹೋಗುವುದಕ್ಕೆಂದು ಹೊಲಿಸಿದ ಗುಲಾಬಿ ಲಂಗ ಆಗಲೇ ಮೊಳೆಗೆ ತೂಗಾಡುತ್ತಿತ್ತು.

ನ್ವೆ ಯಿನ್ ಹೋದಳು. ಕೇಂದ್ರದ ಬಾಗಿಲಲ್ಲೇ ಫೋನು ತೆಗೆದಿಟ್ಟುಕೊಂಡು ಕಂದು ಶಲ್ಯ ಹೊದಿಸಿದರು. ಉಸಿರು ಗಮನಿಸು ಎಂದರು. ಅವಳು ಗಮನಿಸಿದ್ದು ಮಗನ ಉಸಿರನ್ನು. ಹನ್ನೆರಡು ಮೈಲಿ ದೂರದಿಂದ. ಗಂಜಿಯ ಹೊತ್ತಿಗೆ ಬೆರಳು ತಾನಾಗಿ ಗಾಳಿಯಲ್ಲಿ ನೀವುತ್ತಿತ್ತು. ಎರಡನೇ ದಿನ ಯಾರೋ ಮುದುಕಿ ಅವಳ ಮುಂದೆ ತಟ್ಟೆ ಇಟ್ಟಳು. ಅನ್ನದಿಂದ ಹಬೆ ಏಳುತ್ತಿತ್ತು. ಬಿಸಿ ಅನ್ನ ಹೇಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು. ಉಣ್ಣುತ್ತ ಉಣ್ಣುತ್ತ ಅತ್ತಳು. ಆಮೇಲೆ ನಿದ್ದೆ ಬಂತು ನೋಡಿ! ಕೂತಲ್ಲಿ, ಒರಗಿದಲ್ಲಿ, ಕಣ್ಣು ಮುಚ್ಚಿದರೆ ಸಾಕು. ಐದನೇ ದಿನ ಹಂಡೆಯ ನೀರಿನಲ್ಲಿ ತನ್ನ ಮುಖ ಕಂಡು ಬೆರಗಾದಳು. ಪರವಾಗಿಲ್ಲ, ಇನ್ನೂ ಇದ್ದೀನಿ ಅನ್ನಿಸಿತು. ಮನೆಗೆ ಹೋದೊಡನೆ ಮಗಳಿಗೆ ಮುಖ ಕೊಟ್ಟು ಕೂರಬೇಕು, ಎಷ್ಟು ಬೇಕಾದರೂ ಬಳಿಯಲಿ ಎಂದುಕೊಂಡಳು.

ಊರಿಗೆ ಮರಳಿದಾಗ ಬೀದಿ ಇನ್ನೂ ಒದ್ದೆಯಿತ್ತು. ಮನೆಯಲ್ಲಿ ಸದ್ದಿಲ್ಲ. ಮೊಳೆಯಲ್ಲಿ ಗುಲಾಬಿ ಲಂಗ ಮಡಿಕೆ ಮುರಿಯದೆ ಹಾಗೇ ಇತ್ತು. ಚಾಪೆಯ ಮೇಲೆ ಯಮಿನ್ ಕೂತಿದ್ದಳು, ಅವಳ ತೊಡೆಯ ಮೇಲೆ ಜೇಯಾನ ತಲೆ. ಎರಡು ಬೆರಳು ಅವನ ಗಂಟಲ ಮೇಲೆ ಮೇಲಿನಿಂದ ಕೆಳಕ್ಕೆ ಇಳಿದವು. ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಅವನು ಗುಟುಕ್ಕನೆ ನುಂಗಿದ.

"ಚಿಕ್ಕಮ್ಮ ಎಲ್ಲೇ?"

"ಬೆಳಿಗ್ಗೆ ಸಾಯಂಕಾಲ ಬಂದು ಸ್ನಾನ ಮಾಡ್ಸಿ ಹೋಗ್ತಾಳಮ್ಮ. ಅವ್ಳ ಕೈಲಿ ಇವ್ನು ನುಂಗ್ಲೇ ಇಲ್ಲ. ಮೊದಲ್ನೇ ದಿನ ಕೆಮ್ಮಿ ಕೆಮ್ಮಿ ನೀಲಿಯಾಗ್ಬಿಟ್ಟ. ಚಿಕ್ಕಮ್ಮ ಹೆದ್ರಿ ಅತ್ಬಿಟ್ಳು."

"ಅಯ್ಯೋ ದೇವ್ರೆ! ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಕಳಿಸ್ತೀನಿ ಅಂದ್ಲು. ನಾನೇ ಬೇಡ ಅಂದೆ. ದಿನಾ ನೋಡ್ತಿದ್ನಲ್ಲ, ನಂಗೆ ಬಂತು." ಹುಡುಗಿ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ನಿದ್ದೆ ಬಂತಾ ಅಮ್ಮ?"

ನ್ವೆ ಯಿನ್ ಬಗ್ಗಿ ಮಗಳನ್ನು ನೋಡಿದಳು. ಐದು ದಿನ ತಾನು ಸುಖವಾಗಿ ನಿದ್ರಿಸಿದ್ದು ಈ ಕೂಸಿನ ನಿದ್ದೆಯನ್ನೇ. ಮಗಳ ಕೂದಲು ಜಿಡ್ಡುಗಟ್ಟಿತ್ತು. ಕಣ್ಣ ಕೆಳಗೆ ಕಪ್ಪು. ಕೆನ್ನೆಗಳು ಬರಿದಾಗಿದ್ದವು. ಸಾಣೆಕಲ್ಲಿನ ಮೇಲೆ ಐದು ದಿನದ ಧೂಳು ಕೂತಿತ್ತು. ತನ್ನ ಕೈ ಮಾತ್ರ ಬಲ್ಲದ್ದು ಎಂದುಕೊಂಡಿದ್ದ ವಿದ್ಯೆ ಯಾವಾಗ ಈ ಪುಟ್ಟ ಕೈಗೆ ದಾಟಿತು? ತಾನೊಬ್ಬಳೇ ಸವೆಯುತ್ತಿದ್ದೇನೆ ಎಂದುಕೊಂಡಿದ್ದಳಲ್ಲ, ಪಕ್ಕದಲ್ಲೇ ಕೂತು ನೋಡುತ್ತಿದ್ದವಳನ್ನು ಒಂದು ದಿನವಾದರೂ ತಿರುಗಿ ನೋಡಿದ್ದಳೇ?

ಅವಳು ಗಂಟನ್ನು ಅಲ್ಲೇ ಹಾಕಿ ಸಾಣೆಕಲ್ಲಿನ ಮುಂದೆ ಕೂತಳು. ಧೂಳು ಒರೆಸಿ, ನೀರು ಚಿಮುಕಿಸಿ, ಕೊರಡು ತೇಯ್ದಳು. ಹದಿನಾಲ್ಕು ವರ್ಷದಿಂದ ರೂಢಿ ತಪ್ಪಿದ ಕೈ. ಗಂಧ ಒಮ್ಮೆ ನೀರಾಯಿತು, ಒಮ್ಮೆ ಗಟ್ಟಿಯಾಯಿತು. ಕೊನೆಗೂ ಹದಕ್ಕೆ ಬಂದಾಗ ಬೆರಳ ತುದಿಗೆ ತೆಗೆದುಕೊಂಡು ಚಾಪೆಯ ಹತ್ತಿರ ಬಂದು ನಿಂತಳು.

"ಯಮಿನ್, ಮುಖ ಕೊಡೆ ನನ್ನವ್ವ. ಬಟ್ಟಲು ನಂಗೆ ಕೊಡು, ನಾನು ಉಣ್ಸ್ತೀನಿ."

ಹುಡುಗಿ ಮುಂದಿನ ತುತ್ತು ಕಲಸುತ್ತಿದ್ದಳು. ತಿರುಗಿ ನೋಡಲಿಲ್ಲ, ಬಟ್ಟಲು ಬಿಡಲಿಲ್ಲ.

"ಆಮೇಲಮ್ಮ," ಎಂದಳು. "ಇವ್ನಿಗೆ ಉಣ್ಸಿ ಬರ್ತೀನಿ."

ಬೆರಳಲ್ಲಿದ್ದ ಗಂಧ ಒಣಗಿ ಉದುರುವವರೆಗೂ ನ್ವೆ ಯಿನ್ ಅಲ್ಲೇ ನಿಂತಿದ್ದಳು.