ಎತ್ತಿಕೊಡುವ ಕೈ

ಗುಬ್ಬಿಯ ಹಳೇ ಮೈದಾನದಲ್ಲಿ ತೊಂಬತ್ತರ ದಶಕದಲ್ಲಿ ವಾಲಿಬಾಲ್ ಆಡಿದವರನ್ನು ಕೇಳಿ ನೋಡಿ, ಗೋವಿಂದರಾಜುವಿನ ಸ್ಮ್ಯಾಷ್ ಎಂದರೆ ಇಂದಿಗೂ ಕಣ್ಣರಳಿಸುತ್ತಾರೆ. ಲಕ್ಷ್ಮೀಕಾಂತ ನೆಟ್ಟಿನ ಪಕ್ಕ ನಿಂತು ಬೆರಳ ತುದಿಯಲ್ಲಿ ಚೆಂಡು ಎತ್ತಿಕೊಡುವನು, ಇವನು ಹಾರಿ ಬಾರಿಸುವನು. ಶಿಳ್ಳೆಯೆಲ್ಲ ಇವನಿಗೇ. ಎತ್ತಿಕೊಟ್ಟವನ ಕಡೆ ಯಾರು ನೋಡುತ್ತಾರೆ?

ತುಮಕೂರಿನಲ್ಲಿ ಸಂಸಾರ ಹೂಡಿದ್ದ ಆ ಗೋವಿಂದರಾಜುವಿಗೆ 2006ರಲ್ಲಿ ಭುಜದ ನೋವಿನಿಂದ ತಲೆ ಬಾಚಲೂ ಬಲಗೈ ಏಳದಾಯಿತು. ಅದೇ ಹೊತ್ತಿಗೆ, ಕುಣಿಗಲ್ಲಿನಲ್ಲಿ ಮೇಷ್ಟರಾಗಿದ್ದ ಲಕ್ಷ್ಮೀಕಾಂತನ ಫೋನು ಬಂತು. "ನಮ್ ಮೈದಾನದಲ್ಲಿ ಬಿಲ್ಡಿಂಗ್ ಏಳ್ತದಂತೆ ಕಣೋ. ಅಷ್ಟರೊಳಗೆ ಹಳಬರೆಲ್ಲ ಸೇರಿ ಒಂದು ಆಟ ಆಡೋಣ." ಅಲ್ಲಿ ಕೊನೆಯದಾಗಿ ಒಂದೇ ಒಂದು ಸ್ಮ್ಯಾಷ್ ಹೊಡೆಯಬೇಕು, ಗೋವಿಂದರಾಜುವಿಗೆ ಬೇರೇನೂ ಬೇಕಿರಲಿಲ್ಲ.

ತುಮಕೂರಿನ ಬಟವಾಡಿ ಬಡಾವಣೆಯ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡಿಸುವ ಶಿಲ್ಪಾ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇವನ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ನಡುವೆ ಮಡಿಸಿದ ಟವೆಲ್ ಸಿಕ್ಕಿಸಿದಳು. ಟವೆಲ್ ಬೀಳದಂತೆ ಮುಂಗೈ ಮಾತ್ರ ಹೊರಕ್ಕೆ ತಿರುಗಬೇಕು. ನಮ್ಮ ವೀರ ಸುಮ್ಮನಿರುತ್ತಾನೆಯೇ? ಪಟ್ಟಿಯನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡು, ಪಂದ್ಯ ಗೆಲ್ಲುವವನ ಹಾಗೆ ಎಳೆದ. ಟವೆಲ್ ನೆಲಕ್ಕೆ ಬಿತ್ತು.

"ಜೋರು ಬೇಡ ಸಾರ್. ಮೇಲಿನ ದೊಡ್ಡ ಸ್ನಾಯು ಕೈ ಎತ್ತುತ್ತೆ, ನಿಜ. ಆದ್ರೆ ಅದರ ಕೆಳಗೆ ನಾಲ್ಕು ಸಣ್ಣವು ಇದಾವೆ. ತೋಳಿನ ಗುಂಡನ್ನ ಅದರ ಬಟ್ಟಲಲ್ಲಿ ಹಿಡ್ಕೊಳ್ಳೋದು ಅವು. ಅವು ಸೋತ್ರೆ ಗುಂಡು ಮೇಲಕ್ಕೆ ಜಾರಿ ಮೂಳೆಗೆ ಉಜ್ಜುತ್ತೆ. ನೀವು ಹಿಂಗೆ ಎಳೆದ್ರೆ ದೊಡ್ಡದೇ ಎಲ್ಲಾ ಮಾಡ್ಬಿಡುತ್ತೆ, ಸಣ್ಣವು ಹಂಗೇ ಉಳೀತಾವೆ."

ಅಂದು ಸಿಟಿ ಬಸ್ಸಿನಲ್ಲಿ ಕೂತವನಿಗೆ ಲಕ್ಷ್ಮೀಕಾಂತ ನೆನಪಾದ. ಗೆದ್ದಾಗಲೆಲ್ಲ ಇವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದವನೂ ಅವನೇ. ಮರುದಿನದಿಂದ ಟವೆಲ್ ಬೀಳಲಿಲ್ಲ.

ಆಟದ ಹೊತ್ತಿಗೆ ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತು. ಆದರೆ ಶಿಲ್ಪಾ ಖಡಾಖಂಡಿತ ಹೇಳಿಬಿಟ್ಟಳು, "ಮೆತ್ತಗೆ ಆಡಿ, ಪರವಾಗಿಲ್ಲ. ಬೀಸಿ ಮಾತ್ರ ಹೊಡೀಬೇಡಿ."

ಹೊಟ್ಟೆ ಬಂದ ಹಳೇ ತಂಡ ಗುಬ್ಬಿಯಲ್ಲಿ ಸೇರಿತು. ಲಕ್ಷ್ಮೀಕಾಂತ ಅಭ್ಯಾಸಬಲದಿಂದ ನೆಟ್ಟಿನ ಪಕ್ಕ ಹೋಗಿ ನಿಂತ. ಗೋವಿಂದರಾಜು ಅವನನ್ನು ಮೆಲ್ಲಗೆ ಸರಿಸಿದ.

"ಇವತ್ತು ನಾನ್ ಎತ್ಕೊಡ್ತೀನಿ. ನೀನ್ ಹೊಡಿಯೋ."

"ನಂಗೆಲ್ಲಿ ಬರುತ್ತೋ? ಯಾವತ್ತಾದ್ರೂ ಹೊಡ್ದಿದೀನಾ?"

ಚೆಂಡು ಬಂತು. ಗೋವಿಂದರಾಜು ಬೆರಳ ತುದಿಯಲ್ಲಿ ಎತ್ತಿಕೊಟ್ಟ. ಭುಜ ನೋಯಲಿಲ್ಲ. ಲಕ್ಷ್ಮೀಕಾಂತ ಹಾರಿ ಬಾರಿಸಿದ್ದು ಸೀದಾ ನೆಟ್ಟಿಗೆ. ಎಲ್ಲರೂ ಬಿದ್ದುಬಿದ್ದು ನಕ್ಕರು.

"ನೀನ್ ಹೆಂಗೋ ಅಷ್ಟ್ ಸಲೀಸಾಗಿ ಹೊಡೀತಿದ್ದೆ?" ಎಂದ ಲಕ್ಷ್ಮೀಕಾಂತ, ಏದುಸಿರು ಬಿಡುತ್ತ.

"ನೀನ್ ಎತ್ಕೊಡ್ತಿದ್ದೆ ಕಣೋ, ಅದಕ್ಕೆ," ಎಂದ ಗೋವಿಂದರಾಜು.